ಏಣಿ ಹಿಡಿಯುವ ಶಾಸ್ತ್ರ

ಬೆಳಿಗ್ಗೆ ಎದ್ದು ಟೀಗೆ ನೀರಿಡುವ ಮೊದಲು ಈನಕ್ ಬೆಲ್ವುಡ್ ಹಿತ್ತಲ ಬಾಗಿಲು ತೆಗೆದು, ಅಲ್ಲಿನ ಕರಿಕಲ್ಲಿನ ಮೆಟ್ಟಿಲ ಮೇಲೆ ನೀರಿನಲ್ಲಿ ಅದ್ದಿದ ಕುಂಚದಿಂದ ಒಂದು ಗೆರೆ ಎಳೆಯುತ್ತಿದ್ದ. ಈ ತುದಿಯಿಂದ ಆ ತುದಿಗೆ, ಉಸಿರು ಹಿಡಿದು, ಒಂದೇ ಎಳೆತ. ಗೆರೆ ನೆಟ್ಟಗೆ ಬಂದರೆ ಆ ದಿನ ಕೆಲಸಕ್ಕೆ ಹೊರಡಬಹುದು. ಡೊಂಕಾದರೆ ಪಕ್ಕದಲ್ಲಿ ಮತ್ತೊಂದು. ಕಡಲ ಗಾಳಿಗೆ ನೀರು ಆರಿ ಗೆರೆ ಮಾಯವಾಗುವ ತನಕ ನಿಂತು ನೋಡಿ, ಆಮೇಲೆ ಒಲೆ ಹಚ್ಚುವುದು. ಹಲ್ಲುನೋವಿನಿಂದ ಕೆನ್ನೆ ಊದಿದ ದಿನವೂ, ತಾಯಿಯ ಶವ ಮುಂಗೋಣೆಯಲ್ಲಿ ಮಲಗಿದ್ದ ದಿನವೂ ಅವನು ಇದನ್ನು ಬಿಟ್ಟಿರಲಿಲ್ಲ.

ಸ್ಕೆಲ್‌ವಿಕ್ ಬಂದರಿನಲ್ಲಿ ಹೆಸರುಹಲಗೆ ಬರೆಯುವವನು ಅವನೊಬ್ಬನೇ. ದೋಣಿಗಳ ಮೂತಿಯ ಮೇಲಿನ ಹೆಸರು, ಕಸಾಯಿ ಅಂಗಡಿಯ ಹಲಗೆ, ಪ್ರಾರ್ಥನಾಮಂದಿರದ ಹೊರಗೆ ಬೋಧಕರ ಹೆಸರು, ಎಲ್ಲ ಅವನ ಕೈಯದೇ. ಅವನಿಗಿಂತ ಮೊದಲು ಅವನಪ್ಪನದು. ಅಪ್ಪನಿಂದ ಬಂದದ್ದು ಕುಂಚಗಳು, ಕೈ ಊರಲು ಚರ್ಮದ ಗುಬುಟಿದ್ದ ಒಂದು ಕೋಲು, ಮತ್ತು ಏಣಿ ಹಿಡಿಯುವ ಶಾಸ್ತ್ರ.

ಶಾಸ್ತ್ರ ಹುಟ್ಟಿದ್ದು ಒಂದು ಜಗಳದಿಂದ. ಒಂದು ವಸ್ತು ಯಾರದೆಂದು ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿನ ಕೊನೆಯ 'ಎಸ್' ಅಕ್ಷರದ ಹತ್ತಿರ, ಮೇಲುಗಡೆ, ಬಾಲವಿರುವ ಒಂದು ಚುಕ್ಕಿ ನೇತಾಡುತ್ತದಲ್ಲ, ಮೇಷ್ಟರು ಅದಕ್ಕೆ ಅಪಾಸ್ಟ್ರಫಿ ಅನ್ನುತ್ತಾರೆ. ಸ್ಕೆಲ್‌ವಿಕ್‌ನವರಿಗೆ ಅದು ಗೊದಮೊಟ್ಟೆ. ಗೊದಮೊಟ್ಟೆ ಎಸ್‌ನ ಈಚೆ ಇದ್ದರೆ ಒಡೆಯ ಒಬ್ಬನೇ. ಎಸ್ ದಾಟಿ ಆಚೆ ಹೋದರೆ ಒಡೆಯರು ಹಲವರು. ಹಡಗುಗಳಿಗೆ ದಾರಿ ತೋರಿಸುವ ಪೈಲಟ್‌ಗಳ ಮನೆಗೆ ಹಲಗೆ ಬರೆದಾಗ ಅವನಪ್ಪ ಯಾವುದೋ ಗುಂಗಿನಲ್ಲಿ ಅದನ್ನು ಈಚೆ ಹಾಕಿಬಿಟ್ಟ. ಎಲ್ಲರಿಗಿಂತ ಹಿರಿಯ ಪೈಲಟ್, ಮನೆ ತನ್ನೊಬ್ಬನದೆಂದು ಹಲಗೆಯೇ ಹೇಳುತ್ತಿದೆ ಎಂದು, ಆ ಚಳಿಗಾಲವಿಡೀ ಒಲೆಯ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅಂದಿನಿಂದ ಅಪ್ಪ ಅಕ್ಷರಗಳನ್ನೆಲ್ಲ ಬರೆದು ಮುಗಿಸಿ, ಗೊದಮೊಟ್ಟೆಯ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಉಂಗುರ ಬರೆದು ಬಿಟ್ಟುಬಿಡುತ್ತಿದ್ದ. ಬಣ್ಣ ಒಣಗಿದ ಮೇಲೆ ಹಲಗೆಯ ಒಡೆಯರೆಲ್ಲ ಬಂದು ಏಣಿಗೆ ಕೈ ಹಚ್ಚಿ ನಿಲ್ಲಬೇಕು. ಅವನು ಮೇಲಿಂದ ಬಗ್ಗಿ ನೋಡುತ್ತಿದ್ದ. ಕೆಳಗೆ ಒಬ್ಬರ ಕೈ ಇದ್ದರೆ ಈಚೆ, ಹಲವರದಿದ್ದರೆ ಆಚೆ. ಆಮೇಲೆ ಟೀ, ಶುಂಠಿ ಕೇಕು. ಏಣಿ ಹಿಡಿಯಲು ಬರದೇ ಉಳಿದವರು ತಮ್ಮ ಪಾಲು ಬಿಟ್ಟುಕೊಟ್ಟಂತೆ ಎಂದು ಊರು ತಾನಾಗಿಯೇ ತೀರ್ಮಾನಿಸಿಕೊಂಡಿತು.

ಆ ವಸಂತದಲ್ಲಿ ಪ್ರಾರ್ಥನಾಮಂದಿರದ ಪಕ್ಕದ ಹಿಂದೆ ಬಲೆ ಇಡುತ್ತಿದ್ದ ಹಳೆಯ ಕೊಠಡಿಯನ್ನು ವಿಧವೆಯರಿಗೆ ಬಿಟ್ಟುಕೊಟ್ಟಿದ್ದರು. ಕಡಲಿಗೆ ಗಂಡಂದಿರನ್ನು ಕೊಟ್ಟವರು ಅಲ್ಲಿ ಕೂತು ಮೀನುಗಾರರ ಉಣ್ಣೆಯಂಗಿ ಹೆಣೆಯುತ್ತಿದ್ದರು. ಈನಕ್ ಅವರ ಬಾಗಿಲ ಮೇಲಿನ ಹಲಗೆಯನ್ನು ಮಂಗಳವಾರ ಬರೆದು ಮುಗಿಸಿದ. ಕಡುನೀಲಿಯ ಮೇಲೆ ಕೆನೆಬಣ್ಣದ ಅಕ್ಷರ. ಎಸ್‌ನ ಆಚೆ ಸುಣ್ಣದ ಉಂಗುರ ಬರೆದು, ಗುರುವಾರ ಮಧ್ಯಾಹ್ನ ಏಣಿ ಹಿಡಿಯಲು ಬನ್ನಿ ಎಂದು ಎಲ್ಲರಿಗೂ ಹೇಳಿ ಇಳಿದ.

ಬುಧವಾರ ಬೆಳಿಗ್ಗೆ ರೊಟ್ಟಿ ತರಲು ಹೋದವನು ಆ ಬಾಗಿಲ ಮುಂದೆ ನಿಂತುಬಿಟ್ಟ. ಉಂಗುರ ಇದ್ದ ಜಾಗದಲ್ಲಿ ಗೊದಮೊಟ್ಟೆ ಕೂತಿತ್ತು. ಕಪ್ಪಗೆ, ದಪ್ಪಗೆ, ಜಿಗಣೆ ಕಚ್ಚಿಕೊಂಡ ಹಾಗೆ. ಅದರ ಬಾಲ ಸೋರಿ ಕೆನೆಬಣ್ಣದ ಎಸ್‌ನ ಬೆನ್ನ ಮೇಲೆ ಇಳಿದಿತ್ತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ಬಂದರು ಸಮಿತಿಯ ಕಾರ್ಯದರ್ಶಿ ಲಮ್ಲಿ. ಜೀವರಕ್ಷಕ ದೋಣಿಯ ಹೊಸ ಮನೆಗೆ ದೊಡ್ಡ ಹಲಗೆ ಆಗಬೇಕಿತ್ತು. ಅದನ್ನು ಈನಕ್‌ನ ಕುಂಚಕ್ಕೆ ಕೊಡುವುದೋ, ಡೆರೆಕ್ ಸ್ಟಬ್ಸ್‌ನ ಪ್ಲಾಸ್ಟಿಕ್ ಅಕ್ಷರಗಳಿಗೋ ಎಂಬುದು ಶನಿವಾರದ ಸಭೆಯಲ್ಲಿ ನಿರ್ಧಾರವಾಗಬೇಕಿತ್ತು. ಆ ಹಲಗೆ ಪ್ಲಾಸ್ಟಿಕ್ಕಾದರೆ ಮಿಕ್ಕದ್ದೆಲ್ಲ ಅದರ ಹಿಂದೆಯೇ ಹೋಗುತ್ತದೆ. ಸ್ಕೆಲ್‌ವಿಕ್‌ನಲ್ಲಿ ಕುಂಚದ ಕೆಲಸ ಮುಗಿದ ಹಾಗೆ. ಇದು ಈನಕ್‌ಗೂ ಗೊತ್ತಿತ್ತು, ಲಮ್ಲಿಗೂ ಗೊತ್ತಿತ್ತು.

"ಏನ್ ಈನಕ್, ಕೈ ಸ್ವಲ್ಪ ಜಾರ್ತೇನೋ?" ಎಂದ ಲಮ್ಲಿ.

"ಅದು ನಾನ್ ಹಾಕಿದ್ದಲ್ಲ."

"ಆಯ್ತು ಬಿಡಪ್ಪ, ಆಯ್ತು." ಬಿದ್ದ ಮಗುವಿಗೆ ನೋವಾಗಿಲ್ಲ ಎಂದು ಹೇಳುವ ದನಿ. "ಯಾರಿಗಾದ್ರೂ ಆಗುತ್ತೆ. ನಮ್ಮಪ್ಪನಿಗೂ ಕೊನೇಲಿ ಹಾಗೇ ಆಗಿತ್ತು."

"ನಾನ್ ಹಾಕಿದ್ದಲ್ಲ ಅಂತ ಹೇಳಿದ್ನಲ್ಲ, ಲಮ್ಲಿ."

"ಮತ್ತೆ ಯಾರ್ ಹಾಕ್ತಾರೆ? ಒಬ್ಬರ ಹಲಗೆಗೆ ಇನ್ನೊಬ್ರು ಗೊದಮೊಟ್ಟೆ ಹಾಕಿದ್ದು ನಾನಂತೂ ಈ ಊರಲ್ಲಿ ಕೇಳಿಲ್ಲ."

ಆ ಪ್ರಶ್ನೆಯನ್ನು ಈನಕ್ ರೊಟ್ಟಿಯ ಜೊತೆ ಮನೆಗೆ ಹೊತ್ತು ತಂದ. ಯಾರು ಹಾಕುತ್ತಾರೆ? ಇದರಿಂದ ಲಾಭ ಯಾರಿಗೆ? ರೊಟ್ಟಿಯನ್ನು ಮೇಜಿನ ಮೇಲಿಟ್ಟು ಟೋಪಿ ತೆಗೆಯದೆ ಹಾಗೇ ಹೊರಟು ಡೆರೆಕ್ ಸ್ಟಬ್ಸ್‌ನ ಅಂಗಡಿಗೆ ನುಗ್ಗಿದ.

ಡೆರೆಕ್ ಎರಡು ವರ್ಷದ ಹಿಂದೆ ಹಲ್ ಪಟ್ಟಣದಿಂದ ಬಂದವನು. ಅವನಲ್ಲಿ ಅಕ್ಷರಗಳು ಪೊಟ್ಟಣ ಕಟ್ಟಿ ಬರುತ್ತಿದ್ದವು. ಪೊಟ್ಟಣಕ್ಕೊಂದು ಹಿಡಿ ಗೊದಮೊಟ್ಟೆ ಪುಕ್ಕಟೆ. ಪುಕ್ಕಟೆ ಬಂದದ್ದನ್ನು ಎಸೆಯುವುದೇಕೆ ಎಂದು ಎಲ್ಲೆಂದರಲ್ಲಿ ಅಂಟಿಸುತ್ತಿದ್ದ. ಮೀನು-ಚಿಪ್ಸ್ ಅಂಗಡಿಯಲ್ಲಿ ಚಿಪ್ಸ್‌ಗೂ ಒಂದು, ಬಟಾಣಿಗೂ ಒಂದು. ಬಟಾಣಿಯ ಆಸ್ತಿ ಏನೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ.

"ಕೈ ತೋರ್ಸು," ಎಂದ ಈನಕ್.

"ಯಾಕೆ, ಭವಿಷ್ಯ ಹೇಳ್ತೀರಾ?" ಡೆರೆಕ್ ನಗುತ್ತ ಎರಡೂ ಅಂಗೈ ಚಾಚಿದ. ಉಗುರುಗಳಲ್ಲಿ ಒಣಗಿದ ಗೋಂದು ಬಿಟ್ಟರೆ ಏನಿಲ್ಲ. "ಮದುವೆ ಯೋಗ ಇದ್ಯಾ ನೋಡಿ ಸ್ವಲ್ಪ."

"ವಿಧವೆಯರ ಹಲಗೆಗೆ ನಿನ್ನೆ ಸಂಜೆಯಿಂದ ಇವತ್ತು ಬೆಳಿಗ್ಗೆ ಒಳಗೆ ಯಾರೋ ಕೈ ಹಾಕಿದಾರೆ."

"ಓ, ಅದಾ. ನೋಡ್ದೆ." ಡೆರೆಕ್‌ನ ನಗು ನಿಂತಿತು. "ತಪ್ಪು ತಿಳ್ಕೋಬೇಡಿ ಮಿಸ್ಟರ್ ಬೆಲ್ವುಡ್, ನನಗೆ ಬೇಜಾರಾಯ್ತು. ನಾನೇ ಆಗಿದ್ರೆ ಬಣ್ಣ ಯಾಕೆ ಮುಟ್ಲಿ? ನನ್ನ ಹತ್ರ ಡಬ್ಬಿ ತುಂಬಾ ಗೊದಮೊಟ್ಟೆ ಬಿದ್ದಿವೆ. ಒಂದು ಅಂಟಿಸಿ ಬರ್ತಿದ್ದೆ. ಅದೂ ಖಂಡಿತ ತಪ್ಪು ಜಾಗದಲ್ಲೇ ಅಂತ ನಿಮಗೂ ಗೊತ್ತಲ್ಲ."

ಈನಕ್ ಅಂಗಡಿಯನ್ನೆಲ್ಲ ಮೂಗಿನಿಂದಲೇ ಜಾಲಾಡಿದ. ಬಣ್ಣ ಕರಗಿಸುವ ಟರ್ಪೆಂಟೈನ್‌ನ ವಾಸನೆ ಇಲ್ಲ. ಆದರೂ ಇವನು ಇಷ್ಟು ಬೇಗ ಹಲಗೆ ನೋಡಿದ್ದು ಹೇಗೆ? ಬೇಜಾರಾಯಿತು ಎಂದದ್ದು ಯಾಕೆ? ಬೇಜಾರಾಗುವವನು ಅಷ್ಟು ಸಲೀಸಾಗಿ ಹೇಳುತ್ತಾನೆಯೆ? ಹೊರಗೆ ಬಂದ ಮೇಲೂ ಅವನ ಮನಸ್ಸು ಆ ಅಂಗಡಿಯ ಒಳಗೇ ಸುತ್ತುತ್ತಿತ್ತು.

ಅನುಮಾನಕ್ಕೆ ಒಂದು ಮನೆ ಸಾಲುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಅವನ ಮನೆಗೂ ಬಂತು.

ಈನಕ್ ಮದುವೆಯಾದವನಲ್ಲ. ತಂಗಿ ಥರ್ಜಾ ಮನೆ ನೋಡಿಕೊಳ್ಳುತ್ತಿದ್ದಳು. ಹಿಂದಿನ ಚಳಿಗಾಲದಿಂದ ಅವಳದು ಒಂದೇ ಹಾಡು: ಏಣಿ ಹತ್ತಬೇಡ. ಈಗ ಅವಳು ಆಲೂಗೆಡ್ಡೆ ಸುಲಿಯುತ್ತಿದ್ದಾಗ ಅವಳ ಮುಂಗೈಯಲ್ಲಿ ಕಪ್ಪು ಮಸಿ ಕಂಡಿತು. ಹೋದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಇವಳು ಲಮ್ಲಿಯ ಜೊತೆ ಕಂಬದ ಮರೆಯಲ್ಲಿ ಪಿಸುಗುಡುತ್ತಿದ್ದದ್ದು ನೆನಪಿಗೆ ಬಂತು.

"ಕೈಗೇನದು?"

"ಯಾವ್ದು? ಇದಾ? ಒಲೆಗೆ ಪಾಲಿಶ್ ಹಾಕ್ದೆ. ಯಾಕೆ?"

"ಲಮ್ಲಿ ಹತ್ರ ಏನು ಮಾತಾಡ್ದೆ ಅವತ್ತು?"

ಥರ್ಜಾ ಚಾಕು ಕೆಳಗಿಟ್ಟಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. "ಜೀವರಕ್ಷಕ ಮನೆ ಹಲಗೆ ನಿನಗೆ ಕೊಡಬೇಡಿ ಅಂದೆ."

ಈನಕ್ ಕುರ್ಚಿ ಎಳೆದು ಅವಳ ಎದುರು ಕೂತ.

"ಹೌದು, ಹೇಳ್ದೆ. ಬೈಯೋದಿದ್ರೆ ಬೈದು ಮುಗಿಸು. ಆ ಗೋಡೆ ಎಷ್ಟು ಎತ್ತರ ಅಂತ ನೋಡಿದ್ದೀಯಾ? ಕೆಳಗೆ ಬರೀ ಬಂಡೆ. ನೀನು ಬಿದ್ರೆ ನಿನ್ನ ಬಾಚಿ ತರೋಳು ನಾನು."

"ಅದಕ್ಕೇ ನನ್ನ ಕೈ ನಡುಗುತ್ತೆ ಅಂತ ಊರಿಗೆಲ್ಲ ತೋರ್ಸೋಕೆ ಹೋಗಿ ಆ ಗೊದಮೊಟ್ಟೆ—"

"ಯಾವ ಗೊದಮೊಟ್ಟೆ?" ಥರ್ಜಾಳ ಮುಖದಲ್ಲಿ ನಿಜವಾದ ಗೊಂದಲ. ವಿಷಯ ತಿಳಿದ ಮೇಲೆ ಅವಳ ಕೆನ್ನೆ ಕೆಂಪಾಯಿತು. "ಈನಕ್ ಬೆಲ್ವುಡ್! ನಿನ್ನ ಬಗ್ಗೆ ದೂರು ಹೇಳೋದಿದ್ರೆ ಬಾಯಿ ಬಿಟ್ಟು ಹೇಳೋಳು ನಾನು. ಕದ್ದು ಹೋಗಿ ಬಣ್ಣ ಬಳಿಯೋಳಲ್ಲ. ಇಷ್ಟು ವರ್ಷ ಜೊತೆಗಿದ್ದು ಅಷ್ಟೂ ತಿಳೀಲಿಲ್ವಾ ನಿನಗೆ?"

ಆ ಸಂಜೆ ಥರ್ಜಾ ಅವನ ತಟ್ಟೆಯನ್ನು ಮೇಜಿನ ಮೇಲಿಟ್ಟು, ತನ್ನದನ್ನು ಎತ್ತಿಕೊಂಡು ಒಳಗೆ ಹೋದಳು.

ಡೆರೆಕ್ ಅಲ್ಲ, ಥರ್ಜಾ ಅಲ್ಲ. ಹಾಗಾದರೆ? ಅವನು ಒಬ್ಬನೇ ಪ್ರಾರ್ಥನಾಮಂದಿರಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ. ಕೊನೆಗೆ ಉಳಿದ ಅನುಮಾನ ಎಲ್ಲಕ್ಕಿಂತ ತಣ್ಣಗಿತ್ತು. ನಾನೇ ಹಾಕಿದೆನೆ? ಕೆನೆಬಣ್ಣದ ಬದಲು ಕಪ್ಪಿಗೆ ಕುಂಚ ಅದ್ದಿ, ಹಾಕಿ ಮರೆತೆನೆ? ಲಮ್ಲಿಯ ಅಪ್ಪ ಕೊನೆಕೊನೆಗೆ ತನ್ನ ಮನೆಯ ಬಾಗಿಲನ್ನೇ ಬಡಿದು, ಇಲ್ಲಿ ಲಮ್ಲಿ ಇದ್ದಾನೆಯೇ ಎಂದು ಕೇಳುತ್ತಿದ್ದ. ಈನಕ್ ಮಂಗಳವಾರವನ್ನು ಮತ್ತೆ ಮತ್ತೆ ಮೊದಲಿನಿಂದ ನಡೆದು ನೋಡಿದ. ಏಣಿ ಇಳಿದದ್ದು, ಕುಂಚ ತೊಳೆದದ್ದು, ಮನೆಗೆ ಬಂದು ಮೀನು ತಿಂದದ್ದು. ಎಲ್ಲ ಸರಿಯಾಗಿತ್ತು. ಆದರೆ ಮರೆತವನಿಗೂ ಎಲ್ಲ ಸರಿಯಾಗಿಯೇ ಇದ್ದಂತೆ ಕಾಣುತ್ತದಲ್ಲವೆ? ಅವನು ತಲೆ ತಗ್ಗಿಸಿ, "ಕರ್ತನೇ, ನಾನೇ ಹಾಕಿದ್ದರೆ ನನಗೆ ಹೇಳಿಬಿಡು. ಬೇರೆಯವರ ಬಾಯಿಂದ ಕೇಳಿಸಬೇಡ," ಎಂದು ಬೇಡಿಕೊಂಡ. ಯಾವ ಉತ್ತರವೂ ಬರಲಿಲ್ಲ. ಆದರೂ ಎದ್ದು ಬರುವಾಗ ಒಂದು ಕೆಲಸ ಹೊಳೆದಿತ್ತು. ಒರೆಸಿ ಹೊಸದು ಹಾಕುವುದು. ಎಲ್ಲರ ಕಣ್ಣೆದುರು, ಎಲ್ಲರೂ ಏಣಿ ಹಿಡಿದಿರುವಾಗ. ಲಮ್ಲಿಯೂ ಬಂದು ನೋಡಲಿ, ಈ ಕೈ ನಡುಗುತ್ತದೋ ಇಲ್ಲವೋ.

ಗುರುವಾರ ಬೆಳಿಗ್ಗೆ ಅವನು ವಿಧವೆಯರ ಕೊಠಡಿಯ ಬಾಗಿಲು ತಟ್ಟಿದ. ಒಳಗೆ ಒಲೆ ಉರಿಯುತ್ತಿತ್ತು. ಹೆಂಗಸರು ಅರ್ಧ ಹೆಣೆದ ಉಣ್ಣೆಯಂಗಿಗಳನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಒಲೆಯ ಹತ್ತಿರದ ಕುರ್ಚಿಯಲ್ಲಿ ಕ್ಲಾರಾ ನೋರಿಸ್. 'ಪೇಷನ್ಸ್' ಎಂಬ ದೋಣಿಯನ್ನು ನಡೆಸುತ್ತಿದ್ದವನು ಅವಳ ಗಂಡ. ದೋಣಿಯೂ ಅವನೂ ಒಟ್ಟಿಗೆ ಹೋದರು. ದೂರದ ಕಿಟಕಿಯ ಬಳಿ, ಗಾಳಿ ನುಗ್ಗುವ ಜಾಗದಲ್ಲಿ, ಮಿನ್ನಿ ವೆಲ್ಬರ್ನ್. ಅವಳ ಗಂಡನೂ ಅದೇ ದೋಣಿಯಲ್ಲಿದ್ದ.

"ಬನ್ನಿ ಬನ್ನಿ," ಎಂದಳು ಕ್ಲಾರಾ. "ನಮ್ಮ ಗೊದಮೊಟ್ಟೆಗೆ ಭೇದಿ ಹಿಡಿದಿದೆ, ನೋಡಿದ್ರಾ? ಪಾಪ, ಎಸ್ ಮೇಲೆಲ್ಲ ಸೋರ್ಕೊಂಡಿದೆ." ಹೆಂಗಸರೆಲ್ಲ ಬಾಯಿಗೆ ಸೆರಗಿನಂತೆ ಹೆಣಿಗೆ ಅಡ್ಡ ಹಿಡಿದು ನಕ್ಕರು.

"ಅದನ್ನ ಒರೆಸ್ತೀನಿ, ಮಿಸೆಸ್ ನೋರಿಸ್. ಬಣ್ಣ ಇನ್ನೂ ಹಸಿ ಇದೆ. ಮಧ್ಯಾಹ್ನ ಏಣಿ ತರ್ತೀನಿ. ಎಲ್ಲರೂ ಬಂದು ಹಿಡೀಬೇಕು. ಒಬ್ಬರೂ ತಪ್ಪಿಸ್ಕೊಳ್ಳೋ ಹಾಗಿಲ್ಲ."

ಕಿಟಕಿಯ ಬಳಿ ಹೆಣಿಗೆಯ ಕಡ್ಡಿ ನೆಲಕ್ಕೆ ಬಿತ್ತು.

"ಒರೆಸ್ತೀರಾ?" ಎಂದಳು ಮಿನ್ನಿ. ಅವಳ ದನಿ ಕೊಠಡಿಗೆ ಬೇಕಿದ್ದಕ್ಕಿಂತ ಜೋರಾಗಿತ್ತು. "ಇರೋದಕ್ಕೇನಾಗಿದೆ? ಬಿದ್ದಾಗಿದೆಯಲ್ಲ. ಒಂದ್ಸಲ ಬಿದ್ದ ಮೇಲೆ ಮತ್ತೆ ಏಣಿ ಹಿಡಿಯೋದು ಯಾವ ಶಾಸ್ತ್ರ?"

ಈನಕ್ ಅವಳನ್ನು ನೋಡಿದ. ಕಡ್ಡಿ ಎತ್ತಲು ಬಗ್ಗಿದ ಅವಳ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಅಂಚಿನಲ್ಲಿ ಕಪ್ಪು. ದೋಣಿಯ ಹೊಟ್ಟೆಗೆ ಬಳಿಯುವ ಬಣ್ಣದ ಕಪ್ಪು. ಟರ್ಪೆಂಟೈನ್ ಇಲ್ಲದೆ ಹೋಗುವುದಲ್ಲ.

ಅವನು ಹೊರಗೆ ಬಂದ. ಮಂದಿರದ ಗೋಡೆಯ ಪಕ್ಕದ ಓಣಿಯಲ್ಲಿ ಅರ್ಧ ದಾರಿ ಹೋಗುವಷ್ಟರಲ್ಲಿ ಹಿಂದೆ ಹೆಜ್ಜೆ ಕೇಳಿತು. ಮಿನ್ನಿ ತಲೆಗೆ ಏನೂ ಹೊದೆಯದೆ ಬಂದಿದ್ದಳು.

"ನಾನೇ," ಎಂದಳು.

"ಕಂಡೆ."

"ಸ್ಟೂಲ್ ಮೇಲೆ ಹತ್ತಿದ್ದೆ. ನೀವು ಸುಣ್ಣದಲ್ಲಿ ಗುರುತು ಮಾಡಿದ್ರಲ್ಲ, ಅದರ ಮೇಲೇ ಒತ್ತಿದೆ. ಅಷ್ಟು ಸೋರುತ್ತೆ ಅಂತ ಗೊತ್ತಿರ್ಲಿಲ್ಲ." ಅವಳು ಬಟ್ಟೆ ಸುತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. "ಗೊದಮೊಟ್ಟೆ ಬಿದ್ದಿದ್ರೆ ಏಣಿ ತರಲ್ಲ ಅನ್ಕೊಂಡೆ."

"ಏಣಿ ಹಿಡಿಯೋಕೆ ನಿನಗೇನು ಕಷ್ಟ, ಮಿನ್ನಿ?"

ಅವಳು ಗೋಡೆಗೆ ಮುಖ ತಿರುಗಿಸಿದಳು.

"ಅವತ್ತು ಬಿರುಗಾಳಿ ಬರುತ್ತೆ ಅಂತ ಹವಾಮಾನದ ಮುಳ್ಳು ಇಳೀತಾ ಇತ್ತು. ನಮ್ಮ ಜಾರ್ಜ್ ಬೇಡ ಅಂದಿದ್ದ. ಕ್ಲಾರಾ ಗಂಡ ಹಟ ಹಿಡಿದು ಕರ್ಕೊಂಡು ಹೋದ. ಅವಳ ಕೈ ಪಕ್ಕ ನನ್ನ ಕೈ ಇಡೋಕೆ ಆಗಲ್ಲ ನನಗೆ. ಪ್ರಯತ್ನ ಪಟ್ಟೆ. ಮಂಗಳವಾರ ಪೂರ್ತಿ ದೇವರನ್ನ ಕೇಳ್ಕೊಂಡೆ. ಆಗಲ್ಲ."

"ಬರದೇ ಇದ್ರಾಗ್ತಿತ್ತು."

"ಬರದೇ ಇದ್ರೆ ಕೊಠಡಿ ನನ್ನದಲ್ಲ ಅಂದ ಹಾಗೆ. ಅಲ್ಲದೆ ಅವಳಿಗೆ ಗೊತ್ತಾಗಿಬಿಡುತ್ತೆ." ಮಿನ್ನಿ ಕೊಠಡಿಯ ಬಾಗಿಲ ಕಡೆ ನೋಡಿದಳು. "ಅವಳು ಪ್ರತಿ ಶುಕ್ರವಾರ ನನಗೆ ರೊಟ್ಟಿ ಸುಟ್ಟು ತಂದುಕೊಡ್ತಾಳೆ. ಒಲೆ ಪಕ್ಕ ಬಾ, ಬಾ ಅಂತ ಕರೀತಾಳೆ. ನನ್ನ ಮನಸ್ಸಲ್ಲಿ ಏನಿದೆ ಅಂತ ಅವಳಿಗೆ ಸುಳಿವೇ ಇಲ್ಲ. ಗೊತ್ತಾದ್ರೆ ಆ ಹೆಂಗಸು ಸತ್ತೇ ಹೋಗ್ತಾಳೆ. ಗಂಡನ ತಪ್ಪು ಅಂತ ಅವಳಿಗೆ ಇಲ್ಲಿವರೆಗೂ ಯಾರೂ ಹೇಳಿಲ್ಲ."

ಓಣಿಯ ತುದಿಯಲ್ಲಿ ಬಾಗಿಲು ತೆರೆಯಿತು. ಕ್ಲಾರಾ ಕೈಯಲ್ಲಿ ಶಾಲು ಹಿಡಿದು ಬರುತ್ತಿದ್ದಳು.

"ಏನೇ ಮಿನ್ನಿ, ಈ ಗಾಳೀಲಿ ಬರೀ ತಲೇಲಿ ನಿಂತಿದ್ದೀಯಲ್ಲ! ಜ್ವರ ಬಂದು ಮಲಗಿದ್ರೆ ಗಂಜಿ ಕಾಯ್ಸೋಳು ನಾನೇ ತಾನೆ?" ಶಾಲನ್ನು ಮಿನ್ನಿಯ ಹೆಗಲಿಗೆ ಹಾಕಿ ಎರಡೂ ತುದಿ ಎಳೆದು ಗಂಟಿಕ್ಕಿದಳು. ಮಿನ್ನಿ ಕಂಬದ ಹಾಗೆ ನಿಂತಿದ್ದಳು. "ಏಣಿ ಎಷ್ಟೊತ್ತಿಗೆ ತರ್ತೀರಿ, ಮಿಸ್ಟರ್ ಬೆಲ್ವುಡ್? ಕೇಕಿಗೆ ಶುಂಠಿ ಅರೆಯೋಕೆ ಕೂತಿದ್ದೀವಿ."

ಈನಕ್ ಆ ಗಂಟನ್ನೂ, ಅದರ ಮೇಲಿದ್ದ ಮಿನ್ನಿಯ ಮುಖವನ್ನೂ ನೋಡಿದ.

"ಏಣಿ ಬೇಡ ಬಿಡಿ, ಮಿಸೆಸ್ ನೋರಿಸ್. ಮಿನ್ನಿ ಹೇಳೋದು ಸರಿ. ಬಿದ್ದ ಮೇಲೆ ಬಿದ್ದಾಯ್ತು. ಅದು ಎಸ್‌ನ ಆಚೆಗೇ ಇದೆ, ಎಲ್ಲರದೂ ಅಂತಲೇ ಹೇಳುತ್ತೆ. ಹಾಗೇ ಇರ್ಲಿ."

"ಆ ಸೋರಿದ್ದು?"

"ಅದೂ ಇರ್ಲಿ."

ಕ್ಲಾರಾ ಅವನ ಕೈಯತ್ತ ಒಮ್ಮೆ ನೋಡಿ ಬೇಗ ಕಣ್ಣು ತೆಗೆದಳು. ಆ ನೋಟದಲ್ಲಿದ್ದ ಮರುಕ ಈನಕ್‌ಗೆ ತಿಳಿಯಿತು. ಸಂಜೆಯೊಳಗೆ ಊರೆಲ್ಲ ಅದೇ ಕಣ್ಣಿನಲ್ಲಿ ನೋಡುತ್ತದೆ ಎಂಬುದೂ ತಿಳಿಯಿತು. "ಕೇಕಂತೂ ಕಳಿಸ್ತೀವಿ," ಎಂದು ಮೆತ್ತಗೆ ಹೇಳಿ ಅವಳು ಒಳಗೆ ಹೋದಳು.

ಕ್ಲಾರಾಳ ಹಿಂದೆ ಬಾಗಿಲು ಮುಚ್ಚಿಕೊಳ್ಳುವ ತನಕ ಮಿನ್ನಿ ಕಾದು, ಈನಕ್‌ನ ತೋಳು ಹಿಡಿದುಕೊಂಡಳು.

"ನಾನು ಲಮ್ಲಿ ಹತ್ರ ಹೋಗ್ತೀನಿ. ಈಗಲೇ. ನಾನೇ ಮಾಡಿದ್ದು ಅಂತ ಹೇಳ್ತೀನಿ. ಶನಿವಾರದ ಸಭೇಲೂ ನಿಂತು ಹೇಳ್ತೀನಿ. ನಿಮ್ಮ ಕೈಗೆ ಏನೂ ಆಗಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ಲಿ. ಆ ದೊಡ್ಡ ಹಲಗೆ ನಿಮಗೇ ಸಿಗುತ್ತೆ."

"ಯಾಕೆ ಮಾಡ್ದೆ ಅಂತ ಕೇಳ್ತಾರೆ."

"ಕೇಳ್ಲಿ."

"ಕೇಳಿದ್ರೆ ಹೇಳ್ಬೇಕಾಗುತ್ತೆ. ನೀನು ಸುಳ್ಳು ಹೇಳೋಳಲ್ಲ. ಲಮ್ಲಿ ಬಾಯಿ ಮುಚ್ಕೊಳ್ಳೋನಲ್ಲ. ನಾಳೆ ಶುಕ್ರವಾರ, ಎಲ್ಲ ಕೇಳಿಸ್ಕೊಂಡ ಕ್ಲಾರಾ ರೊಟ್ಟಿ ಹಿಡಿದು ನಿನ್ನ ಬಾಗಿಲಲ್ಲಿ ನಿಂತಿರ್ತಾಳೆ."

"ಈನಕ್, ನಿಮ್ಮ ಕೆಲಸ ಹೋಗುತ್ತೆ. ನನ್ನಿಂದ."

ಕೆಳಗೆ ಬಂದರಿನಲ್ಲಿ ಯಾವುದೋ ದೋಣಿಯ ಎಂಜಿನ್ ಕೆಮ್ಮಿ ಹತ್ತಿಕೊಂಡಿತು. ಈನಕ್ ತನ್ನ ತೋಳಿನಿಂದ ಅವಳ ಕೈಯನ್ನು ನಿಧಾನವಾಗಿ ಬಿಡಿಸಿದ. ಜೇಬಿನಿಂದ ಟರ್ಪೆಂಟೈನ್ ಚಿಂದಿಯನ್ನು ತೆಗೆದು ಆ ಕೈಗೆ ಇಟ್ಟ.

"ಬೆರಳು ಒರೆಸ್ಕೋ, ಕ್ಲಾರಾ ನೋಡೋದ್ರೊಳಗೆ. ಲಮ್ಲಿ ಹತ್ರ ಹೋಗ್ಬೇಡ, ಮಿನ್ನಿ. ನನಗೆ ಆ ಉಪಕಾರ ಬೇಡ."